ಹೆಸರು ಬರೆಯದ ಊರಿಗೆ

ಬೆಳಿಗ್ಗೆ ಏಳೂಕಾಲಕ್ಕೆ ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಿಂದ ನಂಜನಗೂಡಿನ ಬಸ್ಸು ಹೊರಟಿತು. ಕಾರ್ತಿಕದ ಚಳಿಗೆ ಕಿಟಕಿ ಗಾಜುಗಳನ್ನೆಲ್ಲ ಎಳೆದುಕೊಂಡಿದ್ದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಆಧಾರ್ ಕಾರ್ಡ್ ತೋರಿಸಿ ಉಚಿತ ಟಿಕೆಟ್ ತೆಗೆದುಕೊಂಡು, ನಾನು ಮೂವತ್ತೈದು ರೂಪಾಯಿ ಕೊಟ್ಟದ್ದನ್ನು ನೋಡಿ ‘ಗಂಡಸ್ರ ಪಾಡು ಕಷ್ಟ ಕಣ್ರೀ’ ಎಂದು ನಕ್ಕರು. ಇಪ್ಪತ್ತೈದು ಕಿಲೋಮೀಟರಿನ ದಾರಿ. ಮೂವತ್ತು ವರ್ಷ ನಾನು ಓಡಾಡಿದ ದಾರಿ. ಮೈಸೂರಿನ ಒಂದು ಸಂಜೆ ಪತ್ರಿಕೆಗೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಸುದ್ದಿ ಬರೆಯುವುದು ನನ್ನ ಕೆಲಸವಾಗಿತ್ತು. ನಿವೃತ್ತನಾಗಿ ಎಂಟು ವರ್ಷವಾಯಿತು. ಈ ಎಂಟು ವರ್ಷದಲ್ಲಿ ಒಮ್ಮೆಯೂ ಆ ಕಡೆ ಹೋಗಿರಲಿಲ್ಲ. ಹೋಗದಿರಲು ಪ್ರತಿ ಸಲವೂ ಏನಾದರೊಂದು ಕಾರಣ ಸಿಗುತ್ತಿತ್ತು.

ಈಗ ಹೊರಡಿಸಿದ್ದು ಒಂದು ಫೋನ್ ಕರೆ. ಮಾಡಿದವರು ನಂಜನಗೂಡಿನ ವಕೀಲೆ ರೂಪಾ. ಕಾರ್ಖಾನೆಗಳ ಮೇಲೆ ದೂರು ಕೊಟ್ಟು ಕೇಸು, ಬೆದರಿಕೆ, ಬಹಿಷ್ಕಾರಗಳಿಗೆ ಸಿಕ್ಕಿಕೊಂಡವರ ಪರವಾಗಿ ನಿಲ್ಲುವುದನ್ನೇ ಕೆಲಸ ಮಾಡಿಕೊಂಡಿರುವ ಹೆಣ್ಣುಮಗಳು. ‘ಸರ್, ದೂರು ಕೊಡೋರಿಗೆ ನಾನು ತರಬೇತಿ ಮಾಡ್ತೀನಿ. ನೀವು ಬರೆದ ಒಂದು ಹಳೇ ವರದಿಯನ್ನ ಅಲ್ಲಿ ತೋರಿಸ್ತೀನಿ. ಹೇಗೆ ಮಾಡಬಾರದು ಅನ್ನೋದಕ್ಕೆ. ಬೇಜಾರಾದ್ರೆ ಹೇಳಿಬಿಡಿ. ಆ ವಿಷಯದಲ್ಲೇ ನಿಮ್ಮಿಂದ ಒಂದು ಕೆಲಸ ಆಗಬೇಕು, ಒಮ್ಮೆ ಬನ್ನಿ’ ಎಂದರು. ಯಾವ ವರದಿ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿ ಬರುವವರ ಹೆಸರುಗಳನ್ನೆಲ್ಲ ನಾನು ಬದಲಾಯಿಸಿದ್ದೇನೆ, ಕೆಲವರ ಕಸುಬನ್ನೂ. ಕಾರ್ಖಾನೆ ಯಾವುದು, ಅದು ಏನು ತಯಾರಿಸುತ್ತದೆ ಎಂಬುದನ್ನು ಬಿಟ್ಟಿದ್ದೇನೆ. ಬರೆದು ಮುಗಿಸಿದ ಮೇಲೆ ಸಂಬಂಧಪಟ್ಟವರಿಗೆ ಬೇರೆಯವರ ಮೂಲಕ ಓದಿಸಿ ಕೇಳಿಸಿದೆ. ಅವರು ಎರಡು ಕಡೆ ತೆಗೆಸಿದರು, ತೆಗೆದೆ. ಹದಿಮೂರು ವರ್ಷದ ಹಿಂದೆ ಇಷ್ಟು ಮಾಡಿದ್ದರೆ ಈ ಪ್ರಯಾಣವೇ ಬೇಕಾಗುತ್ತಿರಲಿಲ್ಲ.

ಆಗ ನಡೆದದ್ದು ಇಷ್ಟು. ಹುಲ್ಲಹಳ್ಳಿಯವರಾದ ಶಿವಣ್ಣ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸಗಾರರು. ರಾಸಾಯನಿಕ ಸೇರಿದ ನೀರನ್ನು ಶುದ್ಧ ಮಾಡದೆ ಹಾಗೇ ಹೊರಗೆ ಬಿಡುತ್ತಾರೆ, ಆ ನೀರು ಹರಿದ ಕಡೆ ದನ ಸಾಯುತ್ತಿವೆ ಎಂದು ನನ್ನನ್ನು ಹುಡುಕಿಕೊಂಡು ಬಂದರು. ಆ ನೀರನ್ನು ಮನೆಯ ಸ್ಟೀಲ್ ಚೊಂಬಿನಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ತಂದಿದ್ದರು. ‘ನನ್ನೆಸ್ರು ಮಾತ್ರ ಆಕ್ಬ್ಯಾಡಿ ಸಾ’ ಎಂದು ಮೂರು ಸಲ ಹೇಳಿದರು. ನಾನು ಹಾಕಲಿಲ್ಲ. ಮುಖವೂ ಬರಲಿಲ್ಲ. ಎರಡು ಕೈ, ಕೈಯಲ್ಲಿ ಚೊಂಬು, ಚೊಂಬಿನಲ್ಲಿ ಇಟ್ಟಿಗೆ ಬಣ್ಣದ ನೀರು, ಅಷ್ಟೇ ಇದ್ದ ಫೋಟೋ ಮುಖಪುಟದಲ್ಲಿ ನಾಲ್ಕು ಕಾಲಂ ಬಂತು.

ಮದುವೆಯಲ್ಲಿ ಕೊಡುವ ಪಾತ್ರೆಗಳಿಗೆ ನಮ್ಮಲ್ಲಿ ಹೆಸರು ಕೆತ್ತಿಸುತ್ತಾರೆ. ಆ ಚೊಂಬಿನ ಕಂಠದ ಸುತ್ತ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ‘ಪುಟ್ಟತಾಯಿ ಶಿವಣ್ಣ, ಹುಲ್ಲಹಳ್ಳಿ’ ಎಂದಿತ್ತು. ಕ್ಯಾಮೆರಾ ಹಿಡಿದ ನಾನು ನೋಡಲಿಲ್ಲ. ಪುಟ ಕಟ್ಟಿದವರೂ ನೋಡಲಿಲ್ಲ. ಕಾರ್ಖಾನೆಯವರು ನೋಡಿದರು. ವಾರದೊಳಗೆ ಶಿವಣ್ಣನ ಕೆಲಸ ಹೋಯಿತು. ತಾಮ್ರದ ತಂತಿ ಕದ್ದರೆಂದು ಕಂಪನಿ ದೂರು ಕೊಟ್ಟು, ಅವರು ಎರಡು ದಿನ ಲಾಕಪ್ಪಿನಲ್ಲಿದ್ದರು. ಆ ಕೇಸು ಸುಳ್ಳೆಂದು ಖುಲಾಸೆಯಾಗಲು ಆರು ವರ್ಷ ಹಿಡಿಯಿತು. ಮಕ್ಕಳಿಗೆ ಅದೇ ಕಾರ್ಖಾನೆಯಲ್ಲಿ ಕೆಲಸವಿದ್ದ ನೆರೆಯವರು ಮಾತು ಬಿಟ್ಟರು. ಹುಲ್ಲಿನ ಮೆದೆಗೆ ಯಾರೋ ಬೆಂಕಿ ಇಟ್ಟರು. ಗಂಡ ಹೆಂಡತಿ ಊರು ಬಿಟ್ಟರು.

ಆ ವರ್ಷ ಜಿಲ್ಲೆಯ ಉತ್ತಮ ವರದಿ ಎಂದು ನನಗೆ ಒಂದು ಶಾಲು, ಒಂದು ಫಲಕ ಕೊಟ್ಟರು. ತೆಗೆದುಕೊಂಡೆ. ಅಷ್ಟರಲ್ಲಿ ನನಗೆ ಎಲ್ಲವೂ ಗೊತ್ತಾಗಿತ್ತು.

ಎಂಟು ಗಂಟೆ ದಾಟಿದ ಮೇಲೆ ನಂಜನಗೂಡಿನಲ್ಲಿ ಇಳಿದೆ. ಮಂಜು ಇನ್ನೂ ಬಿಟ್ಟಿರಲಿಲ್ಲ. ಹೋಟೆಲಿನಲ್ಲಿ ಎರಡು ಇಡ್ಲಿ, ಕಾಫಿ ಮುಗಿಸಿ ರೂಪಾ ಅವರ ಕಚೇರಿಗೆ ನಡೆದೆ. ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ. ಮೂವತ್ತು ಮೂವತ್ತೆರಡರ ವಯಸ್ಸು, ತಗ್ಗಿದ ದನಿ. ಕುರ್ಚಿ ತೋರಿಸಿದ ಮೇಲೆ ಮೊದಲು ಆಡಿದ ಮಾತು, ‘ಎದುರು ಟೀ ಅಂಗಡೀಲಿ ನೀಲಿ ಸ್ವೆಟರ್ ಹಾಕ್ಕೊಂಡಿರೋರನ್ನ ನೋಡಿದ್ರಾ?’

ನೋಡಿರಲಿಲ್ಲ. ಕಿಟಕಿಯ ಸಂದಿಯಿಂದ ತೋರಿಸಿದರು. ನನ್ನಷ್ಟೇ ವಯಸ್ಸಿನ, ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತಿರಬಹುದಾದ ಮನುಷ್ಯ.

‘ದಿನಾ ಬರ್ತಾರೆ. ನನ್ನ ಹತ್ರ ಯಾರು ಬರ್ತಾರೆ, ನಾನು ಎಲ್ಲಿಗೆ ಹೋಗ್ತೀನಿ, ಬರ್ಕೊಳ್ತಾರೆ. ಹೋದ ತಿಂಗಳು ನನ್ನ ಸ್ಕೂಟರ್ ಟೈರು ಎರಡು ಸಲ ಕುಯ್ದಿದ್ರು. ಅದಕ್ಕೇ ನಾನು ಶಿವಣ್ಣನವರ ಹತ್ರ ಹೋಗೋ ಹಾಗಿಲ್ಲ.’

ಆಮೇಲೆ ವಿಷಯ ಬಿಡಿಸಿ ಹೇಳಿದರು. ಅದೇ ಕಾರ್ಖಾನೆಯ ಮೇಲೆ ಕೆಲವು ರೈತರು ಹೊಸದಾಗಿ ದೂರು ಕೊಡಲು ಒಪ್ಪಿದ್ದಾರೆ. ಕೊಳಕು ನೀರು ಕಾಲುವೆ ಸೇರುವುದು ನೆಲದಡಿಯ ಒಂದು ಪೈಪಿನಿಂದ. ಆ ಪೈಪು ಎಲ್ಲಿದೆಯೆಂದು ಹೊರಗಿನವರಿಗೆ ಗೊತ್ತಿಲ್ಲ. ಹೂಳಿದವರು ಇಬ್ಬರು ಕೂಲಿಯವರು. ಒಬ್ಬರು ತೀರಿಕೊಂಡಿದ್ದಾರೆ, ಇನ್ನೊಬ್ಬರು ಶಿವಣ್ಣ. ಅವರು ಒಂದು ಅಫಿಡವಿಟ್ಟಿಗೆ ಸಹಿ ಹಾಕಿದರೆ ಅಧಿಕಾರಿಗಳು ಅಗೆದು ನೋಡಲೇಬೇಕಾಗುತ್ತದೆ.

‘ಅವರು ಈಗ ಎಲ್ಲಿದ್ದಾರೆ ಅನ್ನೋದು ಹುಲ್ಲಹಳ್ಳೀಲಿ ಅವರ ಅಕ್ಕನಿಗೆ ಮಾತ್ರ ಗೊತ್ತು. ನೀವು ಹೋಗಿ ಬನ್ನಿ. ಕೊಡೆ ಹಿಡಿದುಕೊಂಡು ಹೋಗೋ ವಯಸ್ಸಾದವರನ್ನ ಯಾರೂ ಹಿಂಬಾಲಿಸಲ್ಲ. ಆದ್ರೆ ಬಲವಂತ ಬೇಡ ಸರ್. ಸಹಿ ಹಾಕಿದ್ರೆ ಏನೇನು ಆಗಬಹುದು, ಅದನ್ನೆಲ್ಲ ಮೊದಲು ಹೇಳಿ. ಆಮೇಲೆ ಕೇಳಿ.’ ಅಫಿಡವಿಟ್ಟನ್ನು ಒಂದು ಹಳೆಯ ಪಂಚಾಂಗದೊಳಗಿಟ್ಟು ಕೊಟ್ಟರು. ನನ್ನ ಫೋನನ್ನು ಇಸಿದುಕೊಂಡು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ‘ಇದು ನಿಮ್ಮ ಜೊತೆ ಬರೋದು ಬೇಡ’ ಎಂದರು.

ಕೆಳಗಿಳಿದು ಟೀ ಅಂಗಡಿಯ ಮುಂದೆ ಹಾದುಹೋದೆ. ನೀಲಿ ಸ್ವೆಟರಿನವರು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಪೇಪರಿಗೆ ಮರಳಿದರು.

ಹುಲ್ಲಹಳ್ಳಿಗೆ ಬಸ್ಸು ಸಿಕ್ಕಿದಾಗ ಹನ್ನೊಂದು ಗಂಟೆ. ಕಳಲೆಯ ಕಡೆಗೆ ಕವಲೊಡೆಯುವ ದಾರಿ ದಾಟಿದ ಮೇಲೆ ಬಿಸಿಲು ಬಂತು. ಎರಡೂ ಕಡೆ ತೆನೆ ಬಾಗಿದ ಭತ್ತ, ನಡುನಡುವೆ ಕಬ್ಬು, ಕಾಲುವೆಯ ಏರಿಯ ಮೇಲೆ ಒಗೆದು ಹರವಿದ ಬಟ್ಟೆಗಳು. ನೋಡುವುದಕ್ಕೆ ಯಾವ ಕೊರತೆಯೂ ಕಾಣದ ನೀರು. ಇಂಥ ನೀರಿನ ಬಗ್ಗೆ ಯಾರಾದರೂ ದೂರಿದರೆ ನಂಬುವವರು ಕಡಿಮೆ.

ಶಿವಣ್ಣನ ಅಕ್ಕ ಮಾದಮ್ಮ ಬಸ್ ಸ್ಟ್ಯಾಂಡಿನ ಹತ್ತಿರ ಬಾಳೆಹಣ್ಣು ಮಾರುತ್ತಾರೆ. ಎಪ್ಪತ್ತರ ಹತ್ತಿರದ ಗಟ್ಟಿ ಹೆಂಗಸು. ಒಂದು ಡಜನ್ ಹಣ್ಣು ತೆಗೆದುಕೊಂಡು ಮಾತಿಗೆ ತೊಡಗಿದೆ. ಶಿವಣ್ಣನ ಹೆಸರೆತ್ತಿದ ಕೂಡಲೇ ಅವರು ಹಣ್ಣಿನ ಮೇಲೆ ಗೋಣಿ ಎಳೆದರು.

‘ನೀವ್ ಯಾರು?’

ಹೇಳಿದೆ. ಸುಳ್ಳು ಹೆಸರು ಹೇಳಬಹುದೇನೋ ಎಂದು ದಾರಿಯಲ್ಲಿ ಯೋಚಿಸಿದ್ದು ನಿಜ. ಆ ಮುಖದ ಮುಂದೆ ಆಗಲಿಲ್ಲ.

‘ಓ. ಆ ಪೇಪರ್ನೋರು ನೀವೇಯಾ?’ ಎಂದು ತುಂಬ ಹೊತ್ತು ನನ್ನನ್ನೇ ನೋಡಿದರು. ‘ಮೆದೆ ಉರ್ದಾಗ ಬರ್ನಿಲ್ಲ. ನನ್ ತಮ್ಮುನ್ನ ಜೀಪಲ್ ಕುಂಡ್ರುಸ್ಕೊಂಡ್ ಓದಾಗ ಬರ್ನಿಲ್ಲ. ಈಗ್ಯಾಕ್ ಬಂದ್ರಿ?’

‘ತಪ್ಪಾಯ್ತಮ್ಮ. ಅದನ್ನ ಅವರ ಮುಂದೆ ಹೇಳಬೇಕು’ ಎಂದೆ.

‘ಬರೀ ಅದನ್ ಯೋಳಾಕಾ?’

ಪಂಚಾಂಗ ನನ್ನ ಚೀಲದಲ್ಲಿತ್ತು. ‘ಹೌದು’ ಎಂದೆ. ಅರವತ್ತೇಳನೇ ವಯಸ್ಸಿನಲ್ಲಿ, ಆ ಮನೆಯವರಿಗೆ ಅನ್ಯಾಯ ಮಾಡಿದವನು, ಈಗ ಸುಳ್ಳನ್ನೂ ಹೇಳಿದೆ.

ಮಾದಮ್ಮ ಎದ್ದು, ನನ್ನ ಕೈ ಹಿಡಿದು ಹಿಂದಿನ ಬೀದಿಗೆ ಕರೆದೊಯ್ದು ಒಂದು ಗೊಬ್ಬರದ ಗೋಡೌನು ತೋರಿಸಿದರು. ‘ಇದೇ ಅವ್ನ್ ಮನೆ ಇದ್ದ್ ಜಾಗ. ಕಣ್ತುಂಬ ನೋಡ್ಕಳಿ.’ ಶಟರಿನ ಮುಂದೆ ಯೂರಿಯಾ ಚೀಲಗಳು ಒಟ್ಟಿದ್ದವು. ವಾಪಸು ಬರುವಾಗ ಊರಿನ ಹೆಸರು ಹೇಳಿದರು. ಎಲ್ಲಿ ಇಳಿಯಬೇಕು, ಯಾರನ್ನೂ ದಾರಿ ಕೇಳದೆ ಹೇಗೆ ಹೋಗಬೇಕು ಎಂದೂ ಹೇಳಿದರು. ‘ಓಗಿ ತಪ್ಪಾಯ್ತು ಅಂದ್ಬುಟ್ಟು ಬಂದ್ಬುಡಿ. ಇನ್ನೇನೂ ಕೇಳ್ಬ್ಯಾಡಿ.’ ಹಣ್ಣಿನ ಚೀಲಕ್ಕೆ ತಮ್ಮನಿಗೆಂದು ಇನ್ನೊಂದು ಚಿಪ್ಪು ಹಾಕಿದರು.

ಆ ಸಂಜೆ ನಂಜನಗೂಡಿನ ಲಾಡ್ಜೊಂದರಲ್ಲಿ ಉಳಿದೆ. ಸ್ನಾನಘಟ್ಟದ ಕಡೆ ಹೋಗಿ ಕಪಿಲೆಯ ಮುಂದೆ ಸ್ವಲ್ಪ ಹೊತ್ತು ಕೂತೆ. ದೇವಸ್ಥಾನದಿಂದ ಬಂದವರು ದೀಪ ತೇಲಿಬಿಡುತ್ತಿದ್ದರು. ಅಫಿಡವಿಟ್ಟನ್ನು ಅಲ್ಲೇ ನೀರಿಗೆ ಹಾಕಿ, ಬರಿಯ ಕ್ಷಮೆ ಕೇಳಿ ಬಂದುಬಿಡೋಣವೇ ಎನ್ನಿಸಿತು. ಹಾಗೆ ಮಾಡಿದರೆ ರೂಪಾಗೆ ಮೋಸ. ಒಯ್ದರೆ ಮಾದಮ್ಮನಿಗೆ ಮೋಸ.

ಮರುದಿನ ಏಳೂವರೆಗೆ ತಿ. ನರಸೀಪುರದ ಬಸ್ಸು. ಮೂವತ್ತು ಚಿಲ್ಲರೆ ಕಿಲೋಮೀಟರು, ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ರಸ್ತೆಯ ಮೇಲೆ ರಾಗಿ ಹರವಿದ್ದರು, ಬಸ್ಸು ಅದರ ಮೇಲೇ ಮೆಲ್ಲಗೆ ಹೋಯಿತು. ನರಸೀಪುರದಲ್ಲಿ ಸೇತುವೆ ದಾಟುವಾಗ ನದಿ ಬಿಸಿಲಿಗೆ ಹೊಳೆಯುತ್ತಿತ್ತು. ಬಸ್ ನಿಲ್ದಾಣದಲ್ಲಿ ಹೆಮ್ಮಿಗೆ ಕಡೆಯ ಬಸ್ಸು ನಿಂತಿತ್ತು, ಆಚೆ ಬೇರೆ ಊರುಗಳ ಬಸ್ಸುಗಳೂ ಇದ್ದವು. ಅವುಗಳಲ್ಲಿ ಒಂದನ್ನು ಹತ್ತಿದೆ. ಪ್ರವಾಸ ಬರೆಯುವವರು ಊರಿನ ಹೆಸರು, ಟಿಕೆಟ್ಟಿನ ದರ, ಎಷ್ಟನೇ ಸ್ಟಾಪು ಎಂದೆಲ್ಲ ಬರೆಯುತ್ತಾರೆ. ನಾನು ಇಲ್ಲಿಂದ ಮುಂದೆ ಬರೆಯುವುದಿಲ್ಲ. ಕಾಲುವೆಯಿರುವ, ಭತ್ತ ಬೆಳೆಯುವ ಊರು ಎಂದರೆ ಆ ತಾಲ್ಲೂಕಿನಲ್ಲಿ ಹತ್ತಾರು ಊರುಗಳಾಗುತ್ತವೆ.

ಶಿವಣ್ಣ ಬಾಗಿಲಲ್ಲೇ ಸಿಕ್ಕಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಗುರುತು ಹೇಳುವ ಮೊದಲೇ ಅವರು ಗುರುತು ಹಿಡಿದರು.

‘ಬನ್ನಿ ಸಾ, ಒಳಿಕ್ ಬನ್ನಿ’ ಎಂದು ಮುಖ ಅರಳಿಸಿದರು. ಬೈಗುಳಕ್ಕೆ ಸಿದ್ಧನಾಗಿ ಹೋದವನಿಗೆ ಆ ನಗು ತಡೆದುಕೊಳ್ಳಲಾಗಲಿಲ್ಲ. ಹೊಸ್ತಿಲಲ್ಲೇ ನಿಂತು ಕೈ ಮುಗಿದೆ. ಚೊಂಬಿನ ಹೆಸರನ್ನು ನಾನು ನೋಡಬೇಕಿತ್ತು, ನೋಡಲಿಲ್ಲ. ಆಮೇಲೆ ಬರಬೇಕಿತ್ತು, ಬರಲಿಲ್ಲ. ಹೆದರಿಕೊಂಡೆ. ಬಹುಮಾನ ತೆಗೆದುಕೊಂಡೆ. ಒಂದೊಂದನ್ನೂ ಹೇಳಿದೆ.

‘ಓಗ್ಲಿ ಬುಡಿ ಸಾ. ಚೊಂಬು ತಂದೋನು ನಾನೇ ಅಲ್ವಾ?’ ಎಂದರು.

ಒಳಗಿನಿಂದ ಒಂದು ದನಿ ಬಂತು. ‘ಅದ್ನ ಅವ್ರೇನು ನಿನ್ನ ಕೇಳ್ತಿಲ್ಲ. ಅವ್ರ್ ಮಾತ್ ಅವ್ರು ಮುಗಿಸ್ಲಿ.’ ಅವರ ಹೆಂಡತಿ ಪುಟ್ಟತಾಯಿ. ಹೊರಗೆ ಬಂದು ಕಂಬಕ್ಕೆ ಒರಗಿ ಕೂತರು. ನಾನು ಅದುವರೆಗೆ ಅವರನ್ನು ಕಂಡಿರಲೇ ಇಲ್ಲ. ಅವರ ಹೆಸರನ್ನು ಜಿಲ್ಲೆಗೆಲ್ಲ ಹಂಚಿದವನು ನಾನು.

ಊಟಕ್ಕೆ ಮುದ್ದೆ, ಉಪ್ಸಾರು. ಅದನ್ನು ಬರೆಯಬಹುದು, ಎಲ್ಲ ಮನೆಗಳಲ್ಲೂ ಮಾಡುತ್ತಾರೆ. ಊಟವಾದ ಮೇಲೆ ಪಂಚಾಂಗ ತೆಗೆದೆ. ಅಕ್ಕನಿಗೆ ಕೊಟ್ಟ ಮಾತನ್ನು ಮುರಿಯುತ್ತಿದ್ದೇನೆಂದು ಮೊದಲು ಹೇಳಿ, ಆಮೇಲೆ ಅಫಿಡವಿಟ್ಟನ್ನು ಇಬ್ಬರಿಗೂ ಓದಿ ಹೇಳಿದೆ. ಸಹಿ ಹಾಕಿದರೆ ಹೆಸರು ಕಂಪನಿಯ ವಕೀಲರ ಕೈಗೆ ಹೋಗುತ್ತದೆ. ಈ ಊರು ಗೊತ್ತಾಗುತ್ತದೆ. ಮತ್ತೆ ಕೇಸು ಹಾಕಬಹುದು. ರಕ್ಷಣೆ ಕೊಡಿಸಲು ರೂಪಾ ನ್ಯಾಯಾಲಯಕ್ಕೆ ಅರ್ಜಿ ಹಾಕುತ್ತಾರೆ, ಸಿಗುತ್ತದೆಂಬ ಖಾತ್ರಿ ಇಲ್ಲ. ರೂಪಾಗೇ ರಕ್ಷಣೆ ಇಲ್ಲ ಎಂದೂ ಹೇಳಿದೆ.

ಶಿವಣ್ಣನ ಕಣ್ಣು ಹೊಳೆಯುತ್ತಿತ್ತು. ‘ಕೊಡಿ ಸಾ ಪೆನ್ನು. ಅದ್ಮೂರು ವರ್ಷ ಕಳ್ಳ ಅನ್ನುಸ್ಕಂಡಿವ್ನಿ. ಈ ಸಲ ನನ್ನೆಸ್ರು ಆಕ್ಲಿ, ಪೂರ್ತಿ ಆಕ್ಲಿ. ನಾನು ಕಂಡಿದ್ದು ದಿಟ ಅಂತ ಒಂದ್ ಕಡೆನಾದ್ರೂ ಬರೀಲಿ.’

ನಾನು ಪೆನ್ನು ತೆಗೆಯಲಿಲ್ಲ. ಪುಟ್ಟತಾಯಿಯ ಕಡೆ ನೋಡಿದೆ.

‘ನೀವ್ ಏನ್ ಅಂತೀರಮ್ಮ?’

‘ನನ್ನ ಆಗ ಯಾರೂ ಕೇಳ್ನಿಲ್ಲ’ ಎಂದರು ಅವರು. ದನಿ ಏರಿಸಲಿಲ್ಲ. ‘ಚೊಂಬು ನಮ್ಮವ್ವ ಕೊಟ್ಟಿದ್ದು. ಎಸ್ರು ನಂದು. ಪೇಪರ್ ಬಂದ್ ದಿನ್ದಿಂದ ನೀರ್ ಸೇದಕ್ ಓದ್ರೆ ಹೆಂಗಸ್ರು ಕೊಡ ಎತ್ಕೊಂಡ್ ಆಚೆ ಓಗೋರು. ಇವ್ರು ಠಾಣೇಲಿ ಇದ್ದಾಗ ಯಾರ್ಯಾರೋ ಬಂದು ಬಾಗ್ಲು ಬಡ್ದು, ಪುಟ್ಟತಾಯಿ ಯಾರು ಅಂತ ಕೇಳೋರು. ಇಲ್ಲಿ ಯಾರ್ಗೂ ಏನೂ ಗೊತ್ತಿಲ್ಲ ಸಾ. ನಾಲ್ಕ್ ಜನ ಮನೇಗ್ ಕರೀತಾರೆ. ಅರಿಶಿನ ಕುಂಕುಮ ಕೊಡ್ತಾರೆ. ಇದನ್ನೂ ಬುಟ್ಟು ಇನ್ನೆಲ್ಲಿಗ್ ಓಗನ?’

‘ಆ ಕಾಲುವೆ ನೀರು ಕುಡ್ಯೋ ಜನಾನೂ ಅವ್ರೆ ಕಣೆ’ ಎಂದರು ಶಿವಣ್ಣ.

‘ಅವ್ರೆ. ಪಾಪ ಅನ್ಸ್ತದೆ. ನಾವು ಊರು ಬುಟ್ಟಾಗ ಅವ್ರ್ ಯಾರೂ ಬಾಗ್ಲ್ ತಗೀನಿಲ್ವಲ್ಲ.’ ನನ್ನನ್ನು ನೋಡಿ, ‘ಬ್ಯಾಡ ಸಾ’ ಎಂದರು.

ಶಿವಣ್ಣ ಪೆನ್ನಿಗೆಂದು ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು. ಅಫಿಡವಿಟ್ಟನ್ನು ನಾನೇ ಮಡಿಸಿಕೊಂಡೆ. ಹೊರಡುವಾಗ ಪುಟ್ಟತಾಯಿ ಒಂದು ಡಬ್ಬಿಯಲ್ಲಿ ಹುಣಿಸೆ ಚಿಗುರಿನ ಚಟ್ನಿಪುಡಿ ಕಟ್ಟಿಕೊಟ್ಟರು. ‘ಇದರ ಮೇಲೆ ಎಸ್ರಿಲ್ಲ’ ಎಂದರು. ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ.

ಬಸ್ಸಿನವರೆಗೆ ಶಿವಣ್ಣ ಜೊತೆಗೆ ಬಂದರು. ರಸ್ತೆ ಬದಿಯ ಮರದಡಿ ನಾವಿಬ್ಬರೇ ಇದ್ದೆವು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿದಾಗ ಅವರು ಹತ್ತಿರ ಬಂದು ನನ್ನ ತೋಳು ಹಿಡಿದರು.

‘ಸಾ, ಸಹಿ ಬ್ಯಾಡ. ಬಾಯಲ್ ಯೋಳ್ಬುಡ್ತೀನಿ, ತಲೇಲ್ ಇಟ್ಕಳಿ. ಆ ಪೈಪು ಕಾಂಪೌಂಡ್ ದಾಟುದ್ ಮೇಲೆ...’

‘ಬೇಡ ಶಿವಣ್ಣ’ ಎಂದೆ.

ಮೂವತ್ತು ವರ್ಷ ಜನರ ಬಾಯಿಂದ ಇಂಥ ಮಾತು ಹೊರಡಿಸಲು ಅಲೆದವನು ನಾನು. ಟೀ ಕುಡಿಸಿದ್ದೇನೆ, ಗಂಟೆಗಟ್ಟಲೆ ಕಾದಿದ್ದೇನೆ, ಪುಸಲಾಯಿಸಿದ್ದೇನೆ. ಅಂದು ತಾನಾಗಿ ಬಂದದ್ದನ್ನು ನಿಲ್ಲಿಸಿದೆ. ಶಿವಣ್ಣ ತೋಳು ಬಿಟ್ಟರು. ಬೆಳಿಗ್ಗೆ ಬಾಗಿಲಲ್ಲಿ ಅರಳಿದ್ದ ಮುಖ ಬಾಡಿಹೋಯಿತು. ಹದಿಮೂರು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಕೇಳುವುದಕ್ಕೂ ಈ ಮನುಷ್ಯನಿಗೆ ಮನಸ್ಸಿಲ್ಲ ಎಂದುಕೊಂಡಿರಬೇಕು. ಬಿಡಿಸಿ ಹೇಳಲು ಹೊತ್ತಿರಲಿಲ್ಲ. ಬಸ್ಸು ಬಂದಾಗ ಅವರು ನನ್ನಿಂದ ಹತ್ತು ಹೆಜ್ಜೆ ದೂರ ಹೋಗಿ, ಯಾರೋ ಏನೋ ಎನ್ನುವ ಹಾಗೆ ಗದ್ದೆಯ ಕಡೆ ತಿರುಗಿ ನಿಂತರು. ನಾನೂ ಕೈ ಬೀಸಲಿಲ್ಲ.

ಕಂಡಕ್ಟರು ಟಿಕೆಟ್ ಹರಿಯುತ್ತ, ‘ಯಾರ್ ಮನೇಗ್ ಬಂದಿದ್ರಿ ಸಾ?’ ಎಂದು ಕೇಳಿದರು. ನಮ್ಮ ಕಡೆ ಎಲ್ಲರೂ ಕೇಳುವ ಮಾತೇ. ‘ಜಮೀನು ನೋಡೋಣ ಅಂತ ಬಂದಿದ್ದೆ. ಇಷ್ಟ ಆಗಲಿಲ್ಲ’ ಎಂದೆ.

ಸಂಜೆ ಐದಕ್ಕೆ ನಂಜನಗೂಡು ತಲುಪಿದೆ. ರೂಪಾ ಡ್ರಾಯರು ತೆಗೆದು ಫೋನು ಕೊಟ್ಟರು, ನಾನು ಸಹಿಯಿಲ್ಲದ ಅಫಿಡವಿಟ್ಟು ಕೊಟ್ಟೆ. ನಡೆದದ್ದನ್ನೆಲ್ಲ ಹೇಳಿದೆ, ಬಸ್ಸಿನ ಹತ್ತಿರದ್ದನ್ನೂ.

‘ಕೇಳಿಸ್ಕೊಂಡಿದ್ರೆ ಸಾಕಾಗಿತ್ತು ಸರ್. ಯಾರು ಹೇಳಿದ್ರು ಅಂತ ನಾನು ಎಲ್ಲೂ ಬರೀತಿರಲಿಲ್ಲ.’

‘ಪೈಪು ಹೂಳಿದೋರು ಇಬ್ಬರು. ಒಬ್ಬರು ಇಲ್ಲ. ಜಾಗ ಗೊತ್ತಾಯ್ತು ಅಂದ್ರೆ ಯಾರು ಹೇಳಿದ್ರು ಅಂತ ಕಂಪನಿಗೆ ಬೇರೆ ಹೇಳಬೇಕಾಮ್ಮ?’

ರೂಪಾ ಹಣೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಅಷ್ಟು ದಿನದಿಂದ ಆ ಒಂದು ಸಹಿಯ ಮೇಲೆ ಅವರು ಎಷ್ಟು ಆಸೆ ಇಟ್ಟಿದ್ದರೆಂದು ಆಗ ತಿಳಿಯಿತು. ಆಮೇಲೆ ಅಫಿಡವಿಟ್ಟನ್ನು ನಾಲ್ಕಾಗಿ ಹರಿದು, ‘ಆ ಊರು ಯಾವುದು ಅಂತ ನನಗೂ ಹೇಳಬೇಡಿ’ ಎಂದರು.

ಆರೂಕಾಲರ ಬಸ್ಸಿಗೆ ಮೈಸೂರಿಗೆ ಹೊರಟೆ. ನಿಂತೇ ಬಂದೆ.

ದೂರು ಶಿವಣ್ಣನ ಹೇಳಿಕೆ ಇಲ್ಲದೆಯೇ ಹೋಯಿತು. ಎರಡು ತಿಂಗಳ ಮೇಲೆ ಸಂಬಂಧಪಟ್ಟ ಕಚೇರಿಯಿಂದ ಉತ್ತರ ಬಂತು: ಸ್ಥಳ ಪರಿಶೀಲಿಸಲಾಗಿದೆ, ಅಂಥ ಯಾವ ಪೈಪೂ ಕಂಡುಬಂದಿಲ್ಲ. ರೂಪಾ ಮೇಲ್ಮನವಿ ಹಾಕಿದ್ದಾರೆ. ರೈತರಲ್ಲಿ ಇಬ್ಬರು ಹಿಂದೆ ಸರಿದಿದ್ದಾರೆ. ಅಂದು ಒಂದು ನಿಮಿಷ ಕಿವಿ ಕೊಟ್ಟಿದ್ದರೆ ಇವರಿಗೆಲ್ಲ ಒಂದು ದಾರಿಯಾಗುತ್ತಿತ್ತು. ನಾನು ಸರಿ ಮಾಡಿದೆ ಎಂದು ಗಟ್ಟಿಯಾಗಿ ಹೇಳಲಾರೆ.

ಮೊನ್ನೆ ಹುಲ್ಲಹಳ್ಳಿಯಿಂದ ಮಾದಮ್ಮ ಯಾರದೋ ಫೋನಿನಿಂದ ಮಾತಾಡಿದರು. ಸುಳ್ಳು ಹೇಳಿ ಹೋದದ್ದಕ್ಕೆ ಚೆನ್ನಾಗಿ ಬೈದರು. ಬೈದು ಮುಗಿಸಿ, ‘ಪುಟ್ಟತಾಯಿ ಯೋಳ್ ಕಳ್ಸವ್ಳೆ. ಇನ್ನೊಂದ್ಸಲ ಊಟಕ್ ಬರ್ಬೇಕಂತೆ. ಪೇಪರ್ರು ಗೀಪರ್ರು ಏನೂ ತರ್ದೆ’ ಎಂದರು.

ಹೋಗಬೇಕೆಂದು ತುಂಬ ಆಸೆಯಾಯಿತು. ಶಿವಣ್ಣನ ಮುಂದೆ ಕೂತು, ಯಾಕೆ ಬೇಡ ಎಂದೆನೆಂದು ಹೇಳಬೇಕು. ಆದರೆ ನಾನು ಹೋಗುತ್ತ ಬರುತ್ತ ಇದ್ದರೆ ಆ ಮನೆಯ ದಾರಿ ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತದೆ. ಇನ್ನೂ ಹೋಗಿಲ್ಲ.